ಕೀನ್ಯಾಕ್ಕೆ ಹೊರಟ ಸ್ಟೆಬಿಲೈಸರ್

ಹಟ್ಟಿಯ ಜನ ಕೊಯ್ದು ತಂದ ಟೀ ಎಲೆಯಲ್ಲಿ ಫ್ಯಾಕ್ಟರಿಯವರು ಮೂಟೆಗೆ ಮೂರು ಕಿಲೋ ಕದ್ದರು. ಹನ್ನೊಂದು ವರ್ಷ ಕದ್ದರು.

ಮೊದಮೊದಲು ಹೇಳಿಯೇ ಕದಿಯುತ್ತಿದ್ದರು. ಮೂಟೆಯ ಚೀಲದ್ದೆಂದು ಒಂದು ಕಿಲೋ, ಎಲೆ ಮೇಲಿನ ನೀರಿನದ್ದೆಂದು ಎರಡು. ಏಪ್ರಿಲ್ ಬಿಸಿಲಿಗೆ ಎಲೆ ಹಪ್ಪಳದ ಹಾಗೆ ಮುರಿದರೂ ನೀರಿನ ಲೆಕ್ಕ ಇಂಗುತ್ತಿರಲಿಲ್ಲ. ಸಣ್ಣ ಬೆಳೆಗಾರರ ಸಂಘದವರು ಎಲೆ ತೂಗುವ ಶೆಡ್ಡಿನ ಮುಂದೆ ಕೂತು ಕೂಗಿದ ಮೇಲೆ ಫ್ಯಾಕ್ಟರಿ ಬ್ಯಾಟರಿಯಲ್ಲಿ ಓಡುವ ಒಂದು ಎಲೆಕ್ಟ್ರಾನಿಕ್ ತೂಕದ ಮಿಷನ್ ತಂದಿಟ್ಟಿತು. ಇನ್ನು ಮುಂದೆ ಯಾರೂ ಏನೂ ಕಳೆಯುವುದಿಲ್ಲ, ಮಿಷನ್ ತೋರಿಸಿದ್ದೇ ತೂಕ ಎಂದಿತು. ಮಾತಿಗೆ ತಪ್ಪಲಿಲ್ಲ. ಯಾರೂ ಏನೂ ಕಳೆಯಲಿಲ್ಲ. ಆ ಮೂರು ಕಿಲೋವನ್ನು ಮಿಷನ್ನೇ ಒಳಗೊಳಗೆ ತಿಂದುಕೊಂಡು, ಮಿಕ್ಕದ್ದನ್ನು ಕೆಂಪಕ್ಷರದಲ್ಲಿ ತೋರಿಸಿ, ಹಾಲು ಕುಡಿದ ಬೆಕ್ಕಿನಂತೆ ಕಣ್ಣು ಮಿಟುಕಿಸುತ್ತಿತ್ತು.

ಸಂಘದ ಕಾರ್ಯದರ್ಶಿ ಚೆನ್ನಯ್ಯನಿಗೆ ಐವತ್ತೆರಡು ವರ್ಷ, ಒಂದೂವರೆ ಎಕರೆ ತೋಟ, ಮತ್ತು ಮನುಷ್ಯರ ಎದುರು ‘ಇಲ್ಲ’ ಎನ್ನಲು ಬಾರದ ನಾಲಿಗೆ. ಮೈಕಿನ ಎದುರು ಮಾತ್ರ ಹುಲಿ. ಊಟಿ ಮಾರ್ಕೆಟ್ಟಿನಲ್ಲಿ ಕೊಕ್ಕೆಗೆ ನೇತುಹಾಕಿ ತೂಗುವ ಪುಟ್ಟ ತಕ್ಕಡಿಯೊಂದನ್ನು ಕೊಂಡು ಮನೆಯಲ್ಲೇ ತೂಗಿ ನೋಡಿದ್ದ. ಮನೆಯಲ್ಲಿ ಇಪ್ಪತ್ತಿದ್ದ ಮೂಟೆ ಶೆಡ್ಡಿಗೆ ಹೋದರೆ ಹದಿನೇಳು. ನಿನ್ನ ತಕ್ಕಡಿಗೆ ಸರ್ಕಾರದ ಮುದ್ರೆ ಎಲ್ಲಿದೆ ಎಂದು ಫ್ಯಾಕ್ಟರಿ ನಕ್ಕಿತು. ವಕೀಲರ ಹತ್ತಿರ ಹೋದರೆ ಅವರು ಕನ್ನಡಕ ಒರೆಸಿಕೊಂಡು, “ಅವರೇ ತೂಗಿ ಸೀಲು ಹಾಕಿದ ಮೂಟೆ ತಗೊಂಡು, ಸೀಲು ಒಡೀದೆ, ಮುದ್ರೆ ಇರೋ ಇನ್ನೊಂದು ಮಿಷನ್ನಲ್ಲಿ ತೂಗಿಸಿ, ಎರಡೂ ಚೀಟಿ ತನ್ನಿ. ಆಮೇಲೆ ನನ್ನ ಕೆಲಸ” ಎಂದರು. ಆದರೆ ಶೆಡ್ಡಿನಲ್ಲಿ ಸೀಲು ಬಿದ್ದ ಮೂಟೆ ನೆಲ ಮುಟ್ಟದೆ ಫ್ಯಾಕ್ಟರಿಯ ಲಾರಿ ಹತ್ತುತ್ತಿತ್ತು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಮೂಟೆಯೂ ದಾರಿ ತಪ್ಪಿರಲಿಲ್ಲ.

ಹೀಗಿರುವಾಗ ಕೀನ್ಯಾದಿಂದ ಕಾಗದ ಬಂತು. ಅಲ್ಲಿಯೂ ಸಣ್ಣ ಬೆಳೆಗಾರರಿದ್ದಾರೆ, ಅವರ ಎಲೆಯನ್ನೂ ತಿನ್ನುವವರಿದ್ದಾರೆ. ಐದು ದೇಶದ ಬೆಳೆಗಾರರು ಸೇರಿ ತೂಕದ ಮೋಸದ ಬಗ್ಗೆ ಮಾತಾಡುತ್ತಾರೆ, ನೀವು ಇಪ್ಪತ್ತು ನಿಮಿಷ ಮಾತಾಡಬೇಕು, ಟಿಕೆಟ್ ನಮ್ಮದು ಎಂದಿತ್ತು. ಚೆನ್ನಯ್ಯ ಹೇಳಿದ್ದು ಅಲ್ಲಿ ಅಚ್ಚಾದರೆ ಫ್ಯಾಕ್ಟರಿಯ ಟೀ ಕೊಳ್ಳುವವರೇ ಫ್ಯಾಕ್ಟರಿಯ ಕಿವಿ ಹಿಂಡುತ್ತಾರೆ ಎಂದು ಹಟ್ಟಿಯ ಆಸೆ. ತೊಂದರೆ ಎಲ್ಲ ಕಾಗದದ ಕೊನೆಯ ಸಾಲಿನಿಂದ ಶುರುವಾಯಿತು: ‘ನಿಮ್ಮ ಮೊಬೈಲು, ಚಾರ್ಜರು ಬಿಟ್ಟು ಬೇರೆ ಯಾವ ಯಂತ್ರವೂ ಬೇಡ. ಎಲ್ಲವೂ ಇಲ್ಲಿದೆ.’

ಹೊರಡುವ ದಿನ ಬೆಳಗ್ಗೆ ಏಳಕ್ಕೆ ಆ ಸಾಲನ್ನು ಮೂರನೆಯ ಸಲ ಓದಿಸಿ ಕೇಳಿದ ಪಕ್ಕದ ಮನೆಯ ಭೋಜನ್ ತಲೆಯಾಡಿಸಿದ. ಅವನು ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿ ನಿವೃತ್ತನಾದವನು. ಹಟ್ಟಿಯಲ್ಲಿ ಬಲ್ಬು ಉರಿದರೆ ತನ್ನಿಂದ, ಆರಿದರೆ ಹೊಸ ಹುಡುಗರಿಂದ ಎನ್ನುವವನು. ಅವತ್ತು ಬೆಳಗಿನಿಂದ ಕರೆಂಟಿರಲಿಲ್ಲ. ಹೊಸ ಹುಡುಗರಿಂದ.

“ಚೆನ್ನಣ್ಣ, ಮದುವೆ ಕಾಗದದಲ್ಲಿ ಉಡುಗೊರೆ ಬೇಡ ಅಂತ ಹಾಕ್ತಾರಲ್ಲ, ಇದೂ ಹಂಗೇ. ಬರೀ ಕೈ ಬೀಸ್ಕೊಂಡು ಹೋದ್ಯೋ, ಊಟದ ಎಲೆ ಮುಂದೆ ಕೂತಾಗ ಗೊತ್ತಾಗುತ್ತೆ.”

“ಅವ್ರೇ ಬೇಡ ಅಂದವ್ರಲ್ಲಪ್ಪ.”

“ಬೇಡ ಅಂತಾರೆ. ಅಲ್ಲಿ ವೋಲ್ಟೇಜ್ ಎಗರಿದ್ರೆ ನಿನ್ನ ಫೋನು ಹುರಿದ ಕಡಲೆ. ಹನ್ನೊಂದು ವರ್ಷದ ಚೀಟಿ ಫೋಟೋ ಎಲ್ಲ ಅದರೊಳಗೇ ತಾನೆ ಇರೋದು?” ಎಂದು ಭೋಜನ್ ಮನೆಗೆ ಹೋಗಿ, ಫ್ರಿಜ್ಜಿಗೆ ಹಾಕಿದ್ದ ಸ್ಟೆಬಿಲೈಸರ್ ಬಿಚ್ಚಿ, ಹಸುಗೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ತಂದ. ಐದು ಕಿಲೋ. “ಇನ್ನೊಂದು. ಅಲ್ಲಿ ಪ್ಲಗ್ಗಿನ ಕಾಲು ಚೌಕ. ನಮ್ಮದು ಗುಂಡು. ಇಲ್ಲೂ ಅದೇ ಬಿಳಿಯರು ಆಳಿದ್ರು, ಅಲ್ಲೂ ಅವ್ರೇ. ಅಲ್ಲಿ ಚೌಕ ಕೊಟ್ಟು ಇಲ್ಲಿ ಗುಂಡು ಯಾಕೆ ಕೊಟ್ರೋ, ಅದರಲ್ಲೂ ಏನೋ ಮೋಸ ಇದೆ.”

ಚೌಕದ ಕಾಲಿಗೆಂದು ಒಂದು ಎಕ್ಸ್‌ಟೆನ್ಷನ್ ಬಾಕ್ಸೂ ಬಂತು. ಅದರ ಕಾಲೂ ಗುಂಡಾಗಿಯೇ ಇತ್ತು. ಯಾರೂ ನೋಡಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಜೋಗಿ ಕಾರು ತಂದು ನಿಲ್ಲಿಸಿದ. ಚೆನ್ನಯ್ಯನನ್ನು ಕೊಯಮತ್ತೂರಿಗೆ ಬಿಡುವವನು ಅವನೇ. ಇಳಿಯುವಾಗ ಅವನ ಕೈಯಲ್ಲೊಂದು ಪ್ರೊಜೆಕ್ಟರಿತ್ತು.

“ಅವರ ಹತ್ರ ಇದೆ ಕಣೋ ಜೋಗಿ.”

“ಇದೆ ಅಣ್ಣ. ಕೆಟ್ಟೋದ್ರೆ? ನೀವು ಮಾತಾಡೋವಾಗ್ಲೇ ಕೆಟ್ಟೋಗುತ್ತೆ ನೋಡಿ. ಬಡವರ ಸರದಿ ಬಂದಾಗ ಕೆಡೋದೇ ಅದರ ಬುದ್ಧಿ.” ಜೋಗಿ ಸ್ಪೀಕರನ್ನೂ ಇಳಿಸಿದ. ಹಳೆಯ ಲ್ಯಾಪ್‌ಟಾಪೊಂದು, ಐದು ಪವರ್ ಬ್ಯಾಂಕ್. “ಪವರ್ ಬ್ಯಾಂಕ್ ಪೆಟ್ಟಿಗೇಲಿ ಬಿಡಲ್ಲ, ಬೆಂಕಿ ಹತ್ತುತ್ತಂತೆ. ಕೈಚೀಲದಲ್ಲಿ ಇಟ್ಕೊಳ್ಳಿ.”

“ಕೈಚೀಲದಲ್ಲಿ ಹತ್ತಲ್ವಾ?”

“ಅಲ್ಲಿ ಹತ್ತಿದ್ರೆ ನಿಮಗೆ ಗೊತ್ತಾಗುತ್ತಲ್ಲ ಅಣ್ಣ.”

ಹೆಂಡತಿ ಪ್ರೇಮಲತಾ ಒಲೆಯ ಮುಂದಿನಿಂದ ಎದ್ದು ಬಂದು ಕರೆಂಟಿನ ರೈಸ್ ಕುಕ್ಕರನ್ನು ಪೆಟ್ಟಿಗೆಯ ನಡುವೆ ಇಟ್ಟಳು. ಚೆನ್ನಯ್ಯ ಬಾಯಿ ತೆರೆಯುವಷ್ಟರಲ್ಲಿ, “ಆರು ದಿನ ಬ್ರೆಡ್ ತಿಂದು ಹೊಟ್ಟೆ ಕೆಡಿಸ್ಕೊಂಡು ಬಂದ್ರೆ ಆಸ್ಪತ್ರೇಲಿ ಕೂರೋಳು ನಾನು. ಕೀನ್ಯಾದವ್ರಲ್ಲ” ಎಂದಳು. ಕುಕ್ಕರನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದಳು. ಅದನ್ನು ಕಂಡು ಜೋಗಿ ಹೌಹಾರಿದ.

“ಅಕ್ಕಾ, ಕವರ್ ತೆಗೀರಿ! ಆ ದೇಶದಲ್ಲೂ ಪ್ಲಾಸ್ಟಿಕ್ ಕವರ್ ನಿಷೇಧ.”

“ಅಲ್ಲೂನಾ? ಘಾಟೀಲಿ ಕವರ್ ಕಿತ್ಕೊಳ್ಳೋ ನಮ್ಮ ಚೆಕ್‌ಪೋಸ್ಟ್‌ನವ್ರೇ ಅಲ್ಲಿಗೂ ಹೋಗವ್ರಾ?”

ಕೊನೆಗೆ ಬಂದವಳು ಚೆನ್ನಯ್ಯನ ಸೋದರತ್ತೆ ಲಿಂಗಾಜಮ್ಮ. ಕರೆಂಟಿಗೆ ಹಾಕಿ ಬಿಸಿ ಮಾಡುವ ನೀರಿನ ಚೀಲವನ್ನು ಸೆರಗಿನಲ್ಲಿ ಮುಚ್ಚಿ ತಂದಿದ್ದಳು. “ಅಲ್ಲೂ ಬೆಟ್ಟ, ಅಲ್ಲೂ ಟೀ ಅಂತೀಯ. ಚಳಿ ಒಂದು ಮಾತ್ರ ನಮ್ಮೂರಲ್ಲೇ ಉಳ್ಕೊಂಡಿರುತ್ತಾ ಮಗಾ? ಮಂಡಿಗೆ ಇಟ್ಕೋ. ಮಾತಾಡೋವಾಗ ಮಂಡಿ ನಡುಗಿದ್ರೆ ಜನ ಹೆದರಿದ ಅಂತಾರೆ.”

ಚೆನ್ನಯ್ಯ ತಾನಾಗಿ ಇಟ್ಟುಕೊಂಡದ್ದು ಒಂದೇ: ಕೊಕ್ಕೆಯ ತಕ್ಕಡಿ. ಅದನ್ನು ಭೋಜನ್ ಹೊರಗೆ ತೆಗೆದ. “ಮೀನಂಗಡಿ ಸಾಮಾನು. ಲಿಂಗ ಕಟ್ಕೊಂಡೋನು ಇದನ್ನ ಹಿಡ್ಕೊಂಡು ವಿದೇಶಕ್ಕೆ ಹೋದ್ರೆ ಹಟ್ಟಿ ಮಾನ ಏನಾಗ್ಬೇಕು?” ಚೆನ್ನಯ್ಯ ‘ಇಲ್ಲ’ ಎನ್ನಬೇಕೆಂದುಕೊಂಡ. ನಾಲಿಗೆ ‘ಆಯ್ತಪ್ಪ’ ಎಂದಿತು. ಅವನ ಎರಡು ಪ್ಯಾಂಟು, ನಾಲ್ಕು ಅಂಗಿ, ಒಂದು ಸ್ವೆಟರ್ ಪ್ರೊಜೆಕ್ಟರಿಗೆ ಪೆಟ್ಟು ಬೀಳದಂತೆ ಸುತ್ತುವ ಬಟ್ಟೆಗಳಾಗಿ ಮಾತ್ರ ಪೆಟ್ಟಿಗೆಯೊಳಗೆ ಜಾಗ ಪಡೆದವು.

ಹನ್ನೊಂದೂವರೆಗೆ ಜೋಗಿಗೆ ಟಿಕೆಟ್ಟಿನ ಹಿಂದಿನ ಸಣ್ಣಕ್ಷರ ಕಣ್ಣಿಗೆ ಬಿತ್ತು. “ಅಣ್ಣ, ಪೆಟ್ಟಿಗೆ ಇಪ್ಪತ್ಮೂರು ಕಿಲೋ. ಅದರ ಮೇಲೆ ಒಂದು ಕಿಲೋಗೂ ಬಿಡಲ್ಲ.”

ಕೊಕ್ಕೆಯ ತಕ್ಕಡಿಗೆ ಪೆಟ್ಟಿಗೆ ನೇತುಹಾಕಿದರು. ಇಪ್ಪತ್ತರ ಮೇಲೆ ಅದಕ್ಕೆ ಲೆಕ್ಕ ಬಾರದು. ಕೀಚ್ ಎಂದು ಕಿರುಚಿ ಸುಮ್ಮನಾಯಿತು. ಹಟ್ಟಿಯಲ್ಲಿ ಇನ್ನು ಉಳಿದದ್ದು ಒಂದೇ ಮಿಷನ್. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಪೆಟ್ಟಿಗೆಯನ್ನು ಹೊತ್ತುಕೊಂಡು ಎಲ್ಲರೂ ಎಲೆ ಶೆಡ್ಡಿನ ದಾರಿ ಹಿಡಿದರು, ಕಳ್ಳನ ಮನೆಗೆ ಬೀಗ ಸಾಲ ಕೇಳಲು ಹೋದವರಂತೆ.

ಶೆಡ್ಡಿನಲ್ಲಿ ಫ್ಯಾಕ್ಟರಿಯ ಏಜೆಂಟ್ ಶಕ್ತಿವೇಲ್ ಟಿಫಿನ್ ಮುಗಿಸಿ ಹಲ್ಲು ಚುಚ್ಚಿಕೊಳ್ಳುತ್ತಿದ್ದ. ಮೇಟ್ಟುಪಾಳ್ಯದ ಕಡೆಯವನು, ಕಬ್ಬಿನ ಹಾಲಿನಂಥ ಮಾತು. “ವಾಂಗ ಅಣ್ಣಾ, ಬನ್ನಿ ಬನ್ನಿ. ಫಾರಿನ್‌ಗೆ ನಮ್ಮ ಮೇಲೆ ಕಂಪ್ಲೇಂಟ್ ಮಾಡೋಕೆ ಹೋಗ್ತಾ ಇದೀರ. ಪರವಾಗಿಲ್ಲ, ಇಡಿ. ನಿಮ್ಮ ಪೆಟ್ಟಿಗೆಗೆ ಇಲ್ಲ ಅಂತೀನಾ?”

ಪೆಟ್ಟಿಗೆ ಇಟ್ಟರು. ಕೆಂಪಕ್ಷರ ಕುಣಿದು ನಿಂತಿತು. ಇಪ್ಪತ್ತು ಕಿಲೋ.

ಹಟ್ಟಿಯ ಚರಿತ್ರೆಯಲ್ಲಿ ಮೊದಲ ಸಲ ಆ ಮಿಷನ್ ಕಡಿಮೆ ತೋರಿಸಿದ್ದಕ್ಕೆ ಜನ ಚಪ್ಪಾಳೆ ತಟ್ಟಿದರು. “ಇನ್ನೂ ಮೂರು ಕಿಲೋ ಜಾಗ ಇದೆ!” ಎಂದು ಪ್ರೇಮಲತಾ ಮನೆಗೆ ಓಡಿ ಮಿಕ್ಸಿಯನ್ನೂ ಅದರ ಎರಡು ಜಾರುಗಳನ್ನೂ ತಂದು ತುರುಕಿದಳು. ಈಗ ಕೆಂಪಕ್ಷರ ಸರಿಯಾಗಿ ಇಪ್ಪತ್ಮೂರು ಎಂದಿತು.

“ಒಂದು ನಿಮಿಷ,” ಎಂದ ಚೆನ್ನಯ್ಯ. “ಈ ಮಿಷನ್ ಮೂರು ಕಿಲೋ ತಿನ್ನುತ್ತಲ್ಲ? ಅದನ್ನೇ ಹೇಳೋಕಲ್ವಾ ನಾನು ಹೋಗ್ತಿರೋದು?”

ಶಕ್ತಿವೇಲ್ ಕಡ್ಡಿ ಬಿಸಾಡಿ ಕೈ ಮುಗಿದ. “ನೀವೇ ಹೇಳಿ ಅಣ್ಣಾ. ಮಿಷನ್ ಸುಳ್ಳು ಅಂದ್ರೆ ಮೂರು ಕಿಲೋ ಸಾಮಾನು ಇಳಿಸಿ. ಸರಿ ಅಂದ್ರೆ ಹಂಗೇ ತಗೊಂಡು ಹೋಗಿ. ಯಾರ ಸಾಮಾನು ಇಳಿಸ್ಲಿ?”

ಚೆನ್ನಯ್ಯ ಸ್ಟೆಬಿಲೈಸರನ್ನು ನೋಡಿದ. ಭೋಜನ್ ಕೂಡಲೇ, “ನೆಲ ಸಮ ಇಲ್ದಿದ್ರೆ ಮಿಷನ್ ಹೆಚ್ಚುಕಮ್ಮಿ ಆಗುತ್ತೆ. ಇವತ್ತು ಸಮ ಇದೆ” ಎಂದ. ಪ್ರೊಜೆಕ್ಟರನ್ನು ನೋಡಿದ. “ಡಿಜಿಟಲ್ ಅಲ್ವಾ ಅಣ್ಣ, ಎಲೆ ವಿಷಯ ಬೇರೆ, ಪೆಟ್ಟಿಗೆ ವಿಷಯ ಬೇರೆ” ಎಂದ ಜೋಗಿ. ಮಿಕ್ಸಿಯನ್ನು ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಪ್ರೇಮಲತಾ ಹೇಳಿದಳು, “ಇಷ್ಟು ವರ್ಷದಲ್ಲಿ ಒಂದು ದಿನ ಆದ್ರೂ ಮಿಷನ್ ನಿಜ ಹೇಳಲ್ವಾ?”

ಲಿಂಗಾಜಮ್ಮ ಮಾತ್ರ, “ಹನ್ನೊಂದು ವರ್ಷ ಬೈದ ಬಾಯಲ್ಲಿ ಹೊಗಳ್ತಾ ಇದೀರಲ್ಲ, ನಾಚ್ಕೆ ಆಗಲ್ವೇನ್ರೋ?” ಎಂದಳು. ಶಕ್ತಿವೇಲ್ ಅವಳ ಬಿಸಿನೀರಿನ ಚೀಲದ ಕಡೆ ಕೈ ಚಾಚಿದ. “ಹಂಗಾದ್ರೆ ಇದನ್ನ ಇಳಿಸ್ಲಾ ಅತ್ತೆ?” ಲಿಂಗಾಜಮ್ಮ ಒಂದು ಕ್ಷಣ ಯೋಚಿಸಿ, “ಇವತ್ತಿಗೆ ಸರಿ ಇರ್ಬೋದು” ಎಂದು ಸೆರಗು ಸರಿಮಾಡಿಕೊಂಡಳು.

ಶಕ್ತಿವೇಲ್ ಎಲೆ ಮೂಟೆಗೆ ಹಾಕುವ ನಂಬರಿನ ಪ್ಲಾಸ್ಟಿಕ್ ಸೀಲನ್ನು, ಒಮ್ಮೆ ಎಳೆದರೆ ಕತ್ತರಿಸಿಯೇ ತೆಗೆಯಬೇಕಾದದ್ದನ್ನು, ಪೆಟ್ಟಿಗೆಯ ಎರಡೂ ಜಿಪ್ಪಿಗೆ ಸೇರಿಸಿ ಬಿಗಿದ. “ದಾರೀಲಿ ಕಳ್ಳರು ಜಾಸ್ತಿ ಅಣ್ಣಾ.” ಅದೇ ನಂಬರು ಹಾಕಿ, ಇಪ್ಪತ್ಮೂರು ಕಿಲೋ ಎಂದು ಚೀಟಿ ಹೊಡೆದು ಕೊಟ್ಟ. ರಿಜಿಸ್ಟರನ್ನು ಮುಂದೆ ತಳ್ಳಿದ. “ಹೊರಗಿನ ಸಾಮಾನು ತೂಗಿದ್ರೆ ಸೈನ್ ಬೇಕು. ತೂಕ ಸರಿಯಾಗಿದೆ ಅಂತ. ಎಲ್ಲರೂ ಹಾಕಿ.” ಎಲ್ಲರೂ ಹಾಕಿದರು. ಮೊದಲೇ ಹಾಕಿ ಹೋಗಿ ಕಾರು ತಂದಿದ್ದ ಜೋಗಿ ಹಾರ್ನ್ ಒತ್ತುತ್ತಿದ್ದ. ಚೆನ್ನಯ್ಯನೂ ಹಾಕಿದ, ಕೆಳಗೆ ಸಂಘದ ಕಾರ್ಯದರ್ಶಿ ಎಂದು ಅಭ್ಯಾಸಬಲದಿಂದ ಬರೆದ.

ಘಾಟಿ ಇಳಿದು ಮೇಟ್ಟುಪಾಳ್ಯ ಮುಟ್ಟುವಷ್ಟರಲ್ಲಿ ಚೆನ್ನಯ್ಯನ ಫೋನು ಟುಂಯ್ ಟುಂಯ್ ಎನ್ನತೊಡಗಿತು. ನೀಲಗಿರಿಯ ಬೆಳೆಗಾರರ ಗ್ರೂಪುಗಳಲ್ಲೆಲ್ಲ ಒಂದೇ ಫೋಟೋ. ರಿಜಿಸ್ಟರಿನ ಪುಟ. ಮೇಲೆ: ‘ನಮ್ಮ ತೂಕದ ಮಿಷನ್ ಸರಿಯಾಗಿದೆ ಎಂದು ಸಂಘದ ಕಾರ್ಯದರ್ಶಿಯವರೇ ಒಪ್ಪಿ ಸಹಿ ಹಾಕಿದ್ದಾರೆ. ಸತ್ಯಕ್ಕೆ ಜಯ.’ ಕೀನ್ಯಾದವರಿಗೂ ಕಳಿಸಿದ್ದೇವೆ ಎಂದು ಕೊನೆಗೆ.

“ಹೋಗಿ ಏನ್ ಹೇಳ್ಲೋ ಜೋಗಿ ಈಗ?” ಚೆನ್ನಯ್ಯನ ಸ್ವರ ಬಾವಿಯೊಳಗಿಂದ ಬಂತು. “ನನ್ನ ಸೈನೇ ನನ್ನ ಬಾಯಿಗೆ ಬಟ್ಟೆ ತುರುಕ್ತು.”

“ಪ್ರೊಜೆಕ್ಟರ್ ಇದೆಯಲ್ಲ ಅಣ್ಣ,” ಎಂದ ಜೋಗಿ.

ಕೊಯಮತ್ತೂರಿನ ವಿಮಾನ ನಿಲ್ದಾಣದ ಒಳಗೆ ಚೆನ್ನಯ್ಯ ಒಬ್ಬನೇ ಹೋಗಬೇಕಾಯಿತು. ಕೌಂಟರಿನ ಹುಡುಗಿಯ ಎದೆಯ ಮೇಲೆ ತೇನ್ಮೊಳಿ ಎಂದು ಹೆಸರಿತ್ತು. ಜೇನಿನ ನುಡಿ ಎಂಬ ಹೆಸರಿಗೆ ತಕ್ಕ ಹಾಗೆ ಅವಳ ತಮಿಳು ಸಿಹಿಯಾಗಿತ್ತು. ಪೆಟ್ಟಿಗೆಯನ್ನು ಬೆಲ್ಟಿನ ಮೇಲೆ ಇಟ್ಟ. ಇಲ್ಲಿಯೂ ಕೆಂಪಕ್ಷರ ಕುಣಿದು ನಿಂತಿತು.

ಇಪ್ಪತ್ತಾರು.

“ಮೂರು ಕಿಲೋ ಜಾಸ್ತಿ ಸಾರ್. ಒಂದೋ ದುಡ್ಡು ಕಟ್ಟಿ, ಇಲ್ಲ ಪಕ್ಕಕ್ಕೆ ಹೋಗಿ ಮೂರು ಕಿಲೋ ತೆಗೀರಿ.”

ಅವಳು ಹೇಳಿದ ಮೊತ್ತ ಅವನ ಜೇಬಿನಲ್ಲಿರಲಿಲ್ಲ. ಮನೆಗೆ ಫೋನು ಮಾಡಿದ. ಭೋಜನನ ಮನೆಯ ಮೆಟ್ಟಿಲ ಮೇಲೆ ಎಲ್ಲರೂ ಸೇರಿದ್ದರೆಂದು ಗದ್ದಲದಿಂದಲೇ ತಿಳಿಯಿತು.

“ಸ್ಟೆಬಿಲೈಸರ್ ಬಿಸಾಕಿ, ಐದು ಕಿಲೋ ಇಳಿಯುತ್ತೆ,” ಎಂದಳು ಪ್ರೇಮಲತಾ.

ಭೋಜನ್ ಫೋನು ಕಿತ್ತುಕೊಂಡ. “ಚೆನ್ನಣ್ಣ, ಅನ್ನ ಅಲ್ಲೂ ಸಿಗುತ್ತೆ! ಕುಕ್ಕರು ಮಿಕ್ಸಿ ಎರಡೂ ತೆಗಿ!”

“ನನ್ನ ಚೀಲ ಮುಟ್ಟಿದ್ಯೋ, ಮುಂದೆ ನನ್ನ ಮನೆ ಬಾಗ್ಲು ತುಳೀಬೇಡ,” ಎಂದಳು ಲಿಂಗಾಜಮ್ಮ. ಅಷ್ಟರಲ್ಲಿ ಫೋನು ಸತ್ತಿತು. ಕೈಚೀಲದಿಂದ ಪವರ್ ಬ್ಯಾಂಕುಗಳನ್ನು ಒಂದೊಂದಾಗಿ ತೆಗೆದು ಸಿಕ್ಕಿಸಿದ. ಐದೂ ಖಾಲಿ. ಬೆಳಗಿನಿಂದ ಕರೆಂಟೇ ಇರಲಿಲ್ಲವಲ್ಲ. ಹೆಗಲ ಮೇಲೆ ಒಂದು ಅಂಗಡಿಯಷ್ಟು ಯಂತ್ರ ಹೊತ್ತಿದ್ದ ಮನುಷ್ಯನ ಹತ್ತಿರ ಒಂದು ಕರೆ ಮಾಡುವಷ್ಟು ವಿದ್ಯುತ್ತಿರಲಿಲ್ಲ.

“ಸಾರ್, ಬೇಗ. ಹಿಂದೆ ಜನ ನಿಂತಿದ್ದಾರೆ. ಕತ್ತರಿ ಕೊಡ್ಲಾ?”

ಅವಳು ನೀಡಿದ ಕತ್ತರಿಯನ್ನು ತೆಗೆದುಕೊಂಡು ಚೆನ್ನಯ್ಯ ಪೆಟ್ಟಿಗೆಯ ಜಿಪ್ಪಿನ ಸೀಲಿಗೆ ಹಾಕಿದ. ಹಾಕಿದವನು ನಿಂತ.

ಕೆಂಪಕ್ಷರ ನೋಡಿದ. ಸೀಲಿನ ನಂಬರು ನೋಡಿದ. ಜೇಬಿನಿಂದ ಇಪ್ಪತ್ಮೂರರ ಚೀಟಿ ತೆಗೆದು ನೋಡಿದ. ವಕೀಲರು ಕೇಳಿದ್ದ ಎರಡು ಚೀಟಿಗಳಲ್ಲಿ ಅದು ಒಂದು. ಫ್ಯಾಕ್ಟರಿಯವರೇ ತೂಗಿ, ಫ್ಯಾಕ್ಟರಿಯವರೇ ಸೀಲು ಬಿಗಿದು, ಫ್ಯಾಕ್ಟರಿಯ ಲಾರಿ ಹತ್ತದೆ ಬೆಟ್ಟ ಇಳಿದು ಬಂದ ಮೊಟ್ಟಮೊದಲ ಮೂಟೆ ಬೆಲ್ಟಿನ ಮೇಲೆ ಮಲಗಿತ್ತು. ಅದರಲ್ಲಿ ಎಲೆ ಇರಲಿಲ್ಲ, ನೀರಿರಲಿಲ್ಲ, ಒಣಗುವ ವಸ್ತುವೇ ಇರಲಿಲ್ಲ. ಮಿಕ್ಸಿ ದಾರಿಯಲ್ಲಿ ಬಾಡುವುದಿಲ್ಲ.

“ಅಮ್ಮಾ,” ಎಂದ. “ನಿಮ್ಮ ಮಿಷನ್ಗೆ ಸರ್ಕಾರದ ಮುದ್ರೆ ಇದೆಯಾ?”

ತೇನ್ಮೊಳಿ ಬೆಲ್ಟಿನ ಅಂಚಿನ ಸಣ್ಣ ತಗಡನ್ನು ತೋರಿಸಿದಳು. ಈ ವರ್ಷದ ಮುದ್ರೆ.

“ಹಂಗಾದ್ರೆ ಈ ಸೀಲು ಒಡೆಯಂಗಿಲ್ಲ. ಇಪ್ಪತ್ತಾರು ಅಂತ ಒಂದು ಚೀಟಿ ಕೊಡಿ.”

“ದುಡ್ಡು ಕಟ್ಟದೆ ಇಪ್ಪತ್ತಾರರ ಟ್ಯಾಗ್ ಬರಲ್ಲ ಸಾರ್. ತೆಗೆದು ಹಗುರ ಮಾಡಿ.”

“ತೆಗೆಯಲ್ಲ.”

ಐವತ್ತೆರಡು ವರ್ಷದಲ್ಲಿ ಆ ನಾಲಿಗೆಯಿಂದ ಆ ಮಾತು ಬಂದದ್ದು ಅದೇ ಮೊದಲು. ಚೆನ್ನಯ್ಯನೇ ಯಾರಂದರು ಎಂದು ಹಿಂದಿರುಗಿ ನೋಡಿದ. ಹಿಂದೆ ಸೂಟು ಹಾಕಿದ ಒಬ್ಬಾತ, “ಏನ್ರೀ ಇದು, ಎಲ್ಲಿಂದ ಬರ್ತಾರೋ” ಎಂದು ಗೊಣಗುತ್ತಿದ್ದ. ಚೆನ್ನಯ್ಯ ಅವನಿಗೆ ಎಲ್ಲವನ್ನೂ ಹೇಳಿದ. ಹನ್ನೊಂದು ವರ್ಷ, ಮೂಟೆ, ನೀರು, ವಕೀಲರು, ಸೈನು. ಕೀನ್ಯಾದಲ್ಲಿ ಹೇಳಬೇಕಾದ ಇಪ್ಪತ್ತು ನಿಮಿಷದ ಭಾಷಣ ನಾಲ್ಕೇ ನಿಮಿಷದಲ್ಲಿ ಕೌಂಟರಿನ ಮುಂದೆ ಮುಗಿಯಿತು, ಸ್ಪೀಕರಿಲ್ಲದೆ. ಸಾಲಿನಲ್ಲಿದ್ದವರು ಕೇಳಿದರು, ಪಕ್ಕದ ಸಾಲಿಗೆ ಹೋದರು.

ಕೇಳಿ ಕರಗಿದವಳು ತೇನ್ಮೊಳಿ ಒಬ್ಬಳೇ. ಗಡಿಯಾರ ನೋಡಿದಳು, ಸುತ್ತ ನೋಡಿದಳು, ಮುಂದೆ ಬಾಗಿ ಸ್ವರ ತಗ್ಗಿಸಿದಳು.

“ನಮ್ಮ ತಾತನೂ ಎಸ್ಟೇಟ್ ಕೂಲಿ ಸಾರ್. ನೀವು ಹೋಗ್ಲೇಬೇಕು. ಕೌಂಟರ್ ಮುಚ್ಚೋಕೆ ಐದು ನಿಮಿಷ ಇದೆ. ಸೀಲೂ ಒಡೀಬೇಡಿ, ದುಡ್ಡೂ ಕಟ್ಟಬೇಡಿ. ಆ ಮೂರು ಕಿಲೋ ನಾನು ಕಂಡಿಲ್ಲ. ಇಪ್ಪತ್ಮೂರು ಅಂತ ಹೊಡೆದು ಕಳಿಸ್ಬಿಡ್ತೀನಿ. ಪೆಟ್ಟಿಗೆ ಮೇಲಿಂದ ಕೈ ತೆಗೀರಿ.”

ಚೆನ್ನಯ್ಯ ಪೆಟ್ಟಿಗೆ ಮುಂದೆ ಸರಿಯದಂತೆ ಅದರ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ.

“ಆ ಮೂರು ಕಿಲೋ ಬಿಡೋಕೆ ನಾನು ಒಪ್ಪಲ್ಲ ಕಣಮ್ಮ,” ಎಂದ. “ವಿಮಾನ ಹೋಗ್ಲಿ. ಇಪ್ಪತ್ತಾರು ಅಂತ ಹೊಡಿ.”